ಗಂಜೀಫಾ ಅಂದ್ರೆ ಏನು? ಹಳೇ ಪೆಟ್ಟಿಗೆ ಗುಜರಿಗೆ ಹಾಕೋ ಮುಂಚೆ ಓದಿ

ಅಟ್ಟ ಖಾಲಿ ಮಾಡುವಾಗ ಮರದ ಪುಟ್ಟ ಪೆಟ್ಟಿಗೆಯಲ್ಲಿ ಬಣ್ಣದ ದುಂಡು ಬಿಲ್ಲೆಗಳು ಸಿಕ್ಕರೆ, ಮಕ್ಕಳ ಆಟಿಕೆ ಅಂತ ಗುಜರಿಗೆ ಹಾಕಬೇಡಿ. ಅವು ಗಂಜೀಫಾ ಎಲೆಗಳಿರಬಹುದು. ಅಂದರೆ ಹಳೇ ಕಾಲದ ಇಸ್ಪೀಟು. ಒಂದೊಂದು ಎಲೆಯೂ ಕುಂಚದಿಂದ ಬರೆದ ಕಿರುಚಿತ್ರ.

ಯಾರು ಆಡ್ತಿದ್ದರು?
ಮೊಘಲ್ ದೊರೆ ಬಾಬರ್ 1527ರಲ್ಲಿ ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆಸ್ಥಾನದವರಿಗೆ ದಂತ, ಆಮೆ ಚಿಪ್ಪಿನ ಮೇಲೆ ಬರೆದ ಎಲೆಗಳು. ಇದಕ್ಕೆ ದರ್ಬಾರ್ ಕಲಂ ಅಂತ ಹೆಸರು. ಜನಸಾಮಾನ್ಯರಿಗೆ ಬಟ್ಟೆ, ಕಾಗದದ ಅಗ್ಗದ ಎಲೆಗಳು. ಅದು ಬಜಾರ್ ಕಲಂ.

ಎಷ್ಟು ಎಲೆ?
ಮೊಘಲ್ ಗಂಜೀಫಾದಲ್ಲಿ 8 ಬಣ್ಣ, 96 ಎಲೆ. ದಶಾವತಾರ ಗಂಜೀಫಾದಲ್ಲಿ 10 ಬಣ್ಣ, 120 ಎಲೆ. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಅಂಕಿ ಎಲೆಗಳು. ಮತ್ಸ್ಯಾವತಾರದ್ದಾದರೆ ಎಲೆಯ ಮೇಲೆ ಮೀನು, ಕೂರ್ಮದ್ದಾದರೆ ಆಮೆ. ಎಷ್ಟು ಮೀನಿದೆಯೋ ಅಷ್ಟೇ ಅಂಕಿ. ಓದು ಬಾರದವರೂ ಆಡಬಹುದಿತ್ತು.

ಮೈಸೂರಿನ ನಂಟು
ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಕೈಯಿಂದ ಬ್ರಿಟಿಷರು 1831ರಲ್ಲಿ ಆಡಳಿತ ಕಿತ್ತುಕೊಂಡರು. ರಾಜ್ಯಭಾರ ಹೋದರೂ ಅರಸರು ಕೈಕಟ್ಟಿ ಕೂರಲಿಲ್ಲ. ಸಾಹಿತ್ಯ, ಚಿತ್ರಕಲೆ, ಆಟಗಳಿಗೆ ಆಸರೆಯಾದರು. ಅವರ 'ಶ್ರೀತತ್ತ್ವನಿಧಿ' ಗ್ರಂಥದ ಕೌತುಕನಿಧಿ ಭಾಗದಲ್ಲಿ ಇಂಥ ಆಟಗಳ ವಿವರ ಇದೆ. ಅದರಲ್ಲಿ ದೊಡ್ಡದಕ್ಕೆ 18 ಬಣ್ಣ, ಒಟ್ಟು 360 ಎಲೆ!

ಆಮೇಲೆ ಅಚ್ಚಿನ ಅಗ್ಗದ ಇಸ್ಪೀಟು ಬಂತು, ಕುಂಚದ ಎಲೆ ಮೂಲೆ ಸೇರಿತು. ಮೈಸೂರು ಗಂಜೀಫಾಕ್ಕೆ ಮತ್ತೆ ಜೀವ ಕೊಟ್ಟವರಲ್ಲಿ ಕಲಾವಿದ ಗಂಜೀಫಾ ರಘುಪತಿ ಭಟ್ಟರ ಹೆಸರು ದೊಡ್ಡದು. ಇದಕ್ಕೆ ಜಿಐ ಟ್ಯಾಗ್ ಕೂಡ ಇದೆ.

ನಿಮ್ಮ ಕೈಗೆ ಸಿಕ್ಕರೆ?
ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಣ್ಣ ಏಳುತ್ತೆ. ಎಲೆ ಎಣಿಸಿ, ಫೋಟೊ ತೆಗೆದಿಡಿ. ಪೆಟ್ಟಿಗೆಯನ್ನೂ ಬಿಸಾಡಬೇಡಿ.

ಅಂಗಡಿಯವರು ಗಮನಿಸಿ: ನೂರು ವರ್ಷ ದಾಟಿದ ಚಿತ್ರ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತೆ. ಇಂಥವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸೋ ಹಾಗಿಲ್ಲ. ಆನೆ ದಂತದ ಎಲೆಯಾದರೆ ವನ್ಯಜೀವಿ ಕಾಯ್ದೆ ಪ್ರಕಾರ ಮಾರಾಟವೇ ನಿಷಿದ್ಧ. ನೂರಿನ್ನೂರು ರೂಪಾಯಿಗೆ ಸೆಟ್ ಒಡೆದು ಮಾರಿದರೆ, ಮತ್ತೆ ಅದನ್ನು ಕೂಡಿಸೋದು ಯಾರಿಂದಲೂ ಆಗಲ್ಲ.