ಸ್ವಾತಂತ್ರ್ಯಕ್ಕೆ ಮುಂಚಿನ ತಂಡ

ಸ್ವತಂತ್ರ ದೇಶವಲ್ಲದ ನಾಡಿಗೆ ತನ್ನದೇ ಆದ ಅಂತರರಾಷ್ಟ್ರೀಯ ಕ್ರೀಡಾತಂಡ ಇರಬೇಕೆ? ಇದು ಯಾವುದೋ ದೂರದ ದ್ವೀಪಗಳಿಗೆ ಸೇರಿದ ಪ್ರಶ್ನೆಯೆಂದು ನಾವು ಬದಿಗಿಡುವಂತಿಲ್ಲ. 1947ಕ್ಕೆ ಮುಂಚೆ ಭಾರತವೇ ಅಂಥ ನಾಡಾಗಿತ್ತು.

1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಸರ್ ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ ನಮ್ಮ ಕೆಲವು ಕ್ರೀಡಾಪಟುಗಳು ಹೋದರು. ಆಗ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿಯ ಫಡೆಪ್ಪ ಚೌಗುಲೆ ಅವರಲ್ಲೊಬ್ಬರು. ಮ್ಯಾರಥಾನ್ ಓಟದಲ್ಲಿ 19ನೆಯವರಾದರು. ಆಳುತ್ತಿದ್ದವರು ಬ್ರಿಟಿಷರು, ಆದರೆ ಚೌಗುಲೆ ಓಡಿದ್ದು ಭಾರತದ ಹೆಸರಿನಲ್ಲಿ. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಾಕಿಯ ಚಿನ್ನವೂ ಬಂತು. 1920ರಲ್ಲಿ ಅದೇ ಚಿನ್ನ ಗೆದ್ದಿದ್ದ ಬ್ರಿಟನ್, ಮುಂದೆ 1928, 1932, 1936ರ ಕೂಟಗಳಿಗೆ ಹಾಕಿ ತಂಡವನ್ನೇ ಕಳಿಸಲಿಲ್ಲ. ತಾನು ಆಳುವ ದೇಶಕ್ಕೆ ಸೋಲುವ ಅಂಜಿಕೆಯೇ ಕಾರಣವೆನ್ನುವವರಿದ್ದಾರೆ.

ಬರ್ಲಿನ್‌ನ ಫೈನಲ್ ನಡೆದದ್ದು 1936ರ ಆಗಸ್ಟ್ 15ರಂದು. ಅಭ್ಯಾಸ ಪಂದ್ಯದಲ್ಲಿ ಜರ್ಮನಿ ನಮ್ಮವರನ್ನು 4-1ರಿಂದ ಸೋಲಿಸಿತ್ತು. ಧ್ಯಾನ್‌ಚಂದರ ತಂಡಕ್ಕೆ ಅಳುಕಿತ್ತು. ಆಟಕ್ಕೆ ಮುಂಚೆ ತಂಡದ ಅಧಿಕಾರಿ ಪಂಕಜ್ ಗುಪ್ತ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಹೊರತೆಗೆದರು. ಆಟಗಾರರು ಅದಕ್ಕೆ ವಂದಿಸಿ ಅಂಗಳಕ್ಕಿಳಿದರು, 8-1ರಿಂದ ಗೆದ್ದರು. ಮೈದಾನದಲ್ಲಿ ಹಾರಿದ್ದು ಬ್ರಿಟಿಷ್ ಇಂಡಿಯಾದ ಬಾವುಟ. ಹೊರಗೊಂದು ಧ್ವಜ, ಒಳಗೊಂದು ಧ್ವಜ: ಪರಾಧೀನ ದೇಶದ ತಂಡವೆಂದರೆ ಇದೇ ಇಕ್ಕಟ್ಟು. ಆದರೂ ತಂಡವೆಂಬುದು ಇದ್ದದ್ದರಿಂದಲೇ ಆ ವಂದನೆ ಸಾಧ್ಯವಾಯಿತು. 1948ರಲ್ಲಿ, ಸ್ವತಂತ್ರ ಭಾರತದ ತಂಡ ಲಂಡನ್ನಿನಲ್ಲೇ ಬ್ರಿಟನ್ನನ್ನು 4-0ರಿಂದ ಸೋಲಿಸಿತು.

ಈಗಿನ ನಿಯಮ ಬೇರೆ. 1996ರಿಂದ ಒಲಿಂಪಿಕ್ಸಿಗೆ ಹೊಸದಾಗಿ ಸೇರಬೇಕಾದರೆ ಅಂತರರಾಷ್ಟ್ರೀಯ ಸಮುದಾಯ ಮನ್ನಿಸಿದ ಸ್ವತಂತ್ರ ರಾಷ್ಟ್ರವಾಗಿರಬೇಕು. ಅದಕ್ಕೆ ಮೊದಲೇ ಸೇರಿದ ಪೋರ್ಟೊರಿಕೊ, ಹಾಂಗ್‌ಕಾಂಗ್ ಉಳಿದುಕೊಂಡಿವೆ. ಅಮೆರಿಕದ ಆಡಳಿತಕ್ಕೊಳಪಟ್ಟ ಪೋರ್ಟೊರಿಕೊ 2004ರಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಮೆರಿಕವನ್ನೇ 92-73ರಿಂದ ಮಣಿಸಿತು! ಪ್ರತಿ ಪ್ರದೇಶವೂ ತಂಡ ಕೇಳಿದರೆ ಗತಿಯೇನು ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮೊದಲು ಬಂದವರಿಗಷ್ಟೇ ಬಾಗಿಲು ತೆರೆದಿಡುವುದು ನ್ಯಾಯವಾಗಿ ಕಾಣದು. ಈ ನಿಯಮ 1920ರಲ್ಲಿದ್ದಿದ್ದರೆ ಚೌಗುಲೆ ಭಾರತದ ಹೆಸರಿನಲ್ಲಿ ಓಡುವಂತಿರಲಿಲ್ಲ.

ಡೆನ್ಮಾರ್ಕಿಗೆ ಸೇರಿದ, ಸ್ವಯಮಾಡಳಿತವುಳ್ಳ ಫೆರೋ ದ್ವೀಪಗಳನ್ನು ನೋಡಿ. ಫುಟ್‌ಬಾಲ್ ಸಂಸ್ಥೆ ಫಿಫಾ 1988ರಲ್ಲಿ ಅವಕ್ಕೆ ಸದಸ್ಯತ್ವ ಕೊಟ್ಟಿತು. 1990ರಲ್ಲಿ ಅವರು ಆಸ್ಟ್ರಿಯವನ್ನು 1-0ರಿಂದ ಸೋಲಿಸಿದರು. ಒಲಿಂಪಿಕ್ಸಿನಲ್ಲಿ ಮಾತ್ರ ಅಲ್ಲಿನ ಈಜುಗಾರ ಡೆನ್ಮಾರ್ಕಿನ ಹೆಸರಿನಲ್ಲೇ ನೀರಿಗಿಳಿಯಬೇಕು.