ಗಡಿಯ ಎರಡು ಪಾರ್ಶ್ವಗಳಲ್ಲಿ ಅಸ್ವಸ್ಥ ಮಕ್ಕಳ ವಿದ್ಯಾಭ್ಯಾಸ

ಬಂಟ್ವಾಳ ತಾಲ್ಲೂಕಿನ ಕನ್ಯಾನವು ಕಾಸರಗೋಡಿನ ಅಂಚಿನಲ್ಲಿರುವ ಗ್ರಾಮ. ಆಚೆ ಎಣ್ಮಕಜೆ ಪಂಚಾಯತಿಯ ಪಡ್ರೆ ಇದೆ. 1956ರ ನವೆಂಬರ್ 1ರವರೆಗೆ ಇವೆರಡೂ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಗೆ ಸೇರಿದ್ದುವು. ರಾಜ್ಯ ಪುನರ್ವಿಂಗಡಣೆಯಿಂದ ಪಡ್ರೆಯು ಕೇರಳಕ್ಕೂ ಕನ್ಯಾನವು ಮೈಸೂರು ರಾಜ್ಯಕ್ಕೂ ಸೇರಿದುವು. ಮನೆಮಾತು, ಬೇಸಾಯ, ನಂಟಸ್ತಿಕೆಗಳು ಮಾತ್ರ ಮೊದಲಿನಂತೆಯೇ ಉಳಿದುವು. ಈ ಗಡಿಯ ಎರಡು ಕಡೆಗಳಲ್ಲಿಯೂ ಒಂದೇ ವಿಧದ ಕಷ್ಟಕ್ಕೆ ಗುರಿಯಾದ ಮಕ್ಕಳಿಗೆ ವಿದ್ಯೆಯು ಹೇಗೆ ದೊರೆಯಿತು, ಯಾರಿಗೆ ದೊರೆಯದೆ ಹೋಯಿತು ಎಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಗೇರುಮರಕ್ಕೆ ತಗಲುವ ಟೀ ಸೊಳ್ಳೆಯ ಪಿಡುಗನ್ನು ತಡೆಯಲು ಕೇರಳದ ತೋಟಗಾರಿಕಾ ನಿಗಮವು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಮೊದಲಾದ ಕಡೆಗಳಲ್ಲಿಯೂ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಇದೇ ಕ್ರಮವು ನಡೆಯಿತು. ಪಡ್ರೆಯ ಮಕ್ಕಳಲ್ಲಿ ಕಂಡ ಅಪಸ್ಮಾರ, ಬುದ್ಧಿಮಾಂದ್ಯ, ಅಂಗವೈಕಲ್ಯಗಳನ್ನು ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರರು ಮೊದಲು ಗುರುತಿಸಿದವರಲ್ಲಿ ಒಬ್ಬರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಅಲ್ಲಿನ 117 ಮಂದಿ ಶಾಲಾಬಾಲಕರನ್ನು ಸುಮಾರು 20 ಕಿಲೋಮೀಟರು ದೂರದ ಊರಿನ 90 ಬಾಲಕರೊಡನೆ ಹೋಲಿಸಿ, ಅವರು ಪ್ರಾಯಕ್ಕೆ ಬರುವುದು ವಿಳಂಬವಾಗಿರಬಹುದೆಂಬ ಅಭಿಪ್ರಾಯವನ್ನು 2003ರಲ್ಲಿ ಪ್ರಕಟಿಸಿತು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಾದ್ಯಂತ ಈ ವಿಷವನ್ನು ತಡೆಯಿತು. ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎಣಿಕೆಗೆ ಸಿಕ್ಕವರು ಶಾಲೆಯ ಬಾಲಕರು. ಶಾಲೆಗೆ ಬರಲಾರದಷ್ಟು ಅಸ್ವಸ್ಥರಾದವರು ಇಂತಹ ಎಣಿಕೆಯ ಹೊರಗೇ ಉಳಿಯುತ್ತಾರೆ. ಹಾಜರಿ ಪುಸ್ತಕವು ಬಂದವರ ಚರಿತ್ರೆಯೇ ಹೊರತು ಬಾರದವರದಲ್ಲ.

ಮುಂದೆ ಪರಿಹಾರದ ಕಾರ್ಯವು ನಡೆದಾಗ ಎರಡು ರಾಜ್ಯಗಳು ಸಂಸ್ಥೆಗಳಿಗೆ ಇಟ್ಟ ಹೆಸರುಗಳೇ ವಿಚಾರಾರ್ಹವಾಗಿವೆ. ಕಾಸರಗೋಡಿನಲ್ಲಿ ಪಂಚಾಯತಿಗಳ ಆಶ್ರಯದ ‘ಬಡ್ಸ್ ಶಾಲೆ’ಗಳು ಹುಟ್ಟಿದುವು, ಕೊಕ್ಕಡ, ಕೊಯಿಲಗಳಲ್ಲಿ ‘ಪಾಲನಾ ಕೇಂದ್ರ’ಗಳು ಹುಟ್ಟಿದುವು. ಪಾಲನೆಯನ್ನು ನಾವು ಕಡಿಮೆಯೆಂದು ಭಾವಿಸುವುದಿಲ್ಲ. ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವವರಿದ್ದರೆ ಮಾತ್ರವೇ ತಾಯಿಯು ಕೂಲಿಗೆ ಹೋಗಬಲ್ಲಳು. ಆದರೆ ಶಾಲೆಯೆಂಬ ಹೆಸರು ಮಗುವನ್ನು ಕಲಿಯುವವನೆಂದು ಒಪ್ಪುತ್ತದೆ. ಪಾಲನೆಯೆಂಬ ಹೆಸರಿಗೆ ಆ ಹೊಣೆಯಿಲ್ಲ.

ಕಾನೂನಿನ ಚರಿತ್ರೆಯಾದರೋ ಕ್ರಮವಾಗಿ ಮುಂದುವರಿದಿದೆ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕೇಂದ್ರ ಯೋಜನೆಯು 1974ರಲ್ಲಿ ಆರಂಭವಾಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿಯು ತೀವ್ರ ಅಥವಾ ಬಹುವಿಧ ವೈಕಲ್ಯವುಳ್ಳ ಮಗುವಿಗೆ ಮನೆಯಲ್ಲಿಯೇ ಕಲಿಯುವ ಆಯ್ಕೆಯನ್ನು ಕೊಟ್ಟಿತು. 2016ರ ಕಾಯಿದೆಯು ಶೇಕಡಾ 40 ಅಥವಾ ಹೆಚ್ಚು ವೈಕಲ್ಯವುಳ್ಳವರಿಗೆ 18 ವರ್ಷದವರೆಗೆ ಉಚಿತ ಶಿಕ್ಷಣವನ್ನು ವಿಧಿಸಿತು.

ಆದರೆ ಇವೆಲ್ಲವೂ ದೀರ್ಘಕಾಲದ ವೈಕಲ್ಯವನ್ನು ಕುರಿತವು. ಔಷಧದಿಂದ ಅಪಸ್ಮಾರವು ಹತೋಟಿಗೆ ಬಂದ ಹುಡುಗಿ, ಅಡಕೆ ಮರದಿಂದ ಬಿದ್ದು ಒಂದು ವರ್ಷ ಹಾಸಿಗೆ ಹಿಡಿದು ಎದ್ದ ಹುಡುಗ, ಇವರು ಯಾವ ಪಟ್ಟಿಯಲ್ಲಿ ಸೇರಬೇಕು? ಅಂಗವಿಕಲರ ಪಟ್ಟಿಗೆ ಇವರು ಸೇರದಿರಬಹುದು. ಹಾಜರಿಯ ಪಟ್ಟಿಯಲ್ಲಿ ಇವರ ಹೆಸರು ಉಳಿದಿರಲಾರದು. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 2009ರ ಕಾಯಿದೆಯ 4ನೆಯ ಪ್ರಕರಣವು ಹೇಳುತ್ತದೆ. ಆ ಹಕ್ಕು ಎಂಟನೆಯ ತರಗತಿಯ ಆಚೆಗೆ ಸಾಗದು. ಎಸ್.ಎಸ್.ಎಲ್.ಸಿ.ಯ ಹೊಸ್ತಿಲಲ್ಲಿ ಬಿದ್ದವರಿಗೆ 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯಂತಹ ಮಾರ್ಗವು ಉಂಟು. ಆದರೆ ಅದು ಒಂಟಿಯಾಗಿ ನಡೆಯಬೇಕಾದ ಮಾರ್ಗ.

ಇಂತಿರಲು, ಗಡಿಯ ಆಚೆಯ ಹೆಸರನ್ನೂ ಈಚೆಯ ಪಾಲನೆಯನ್ನೂ ಕೂಡಿಸಿ, ಗುಣಮುಖರಾಗುತ್ತಿರುವವರಿಗೆ ಹಿಂದಿರುಗುವ ದಾರಿಯನ್ನು ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ವಿಧಿಸುವುದು ಉಳಿದಿರುವ ಕಾರ್ಯವೆಂದು ನಾವು ಭಾವಿಸುತ್ತೇವೆ. ಅಲ್ಲಿಯವರೆಗೆ ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರಿನ ಮುಂದೆ ಗೆರೆಯೆಳೆಯುವ ಮೊದಲು ಆ ಹುಡುಗನು ಎಲ್ಲಿರುವನೆಂದು ವಿಚಾರಿಸುವ ಹೊಣೆ ಅಧ್ಯಾಪಕರಾದ ನಮ್ಮದೇ ಆಗಿದೆ.