ಲಂಡನ್ನಿನ ಅಲುಗುವ ಅಂಗಡಿ

ಇಂಗ್ಲೆಂಡಿನ ಪಾರ್ಲಿಮೆಂಟ್ ಭವನ 1834ರಲ್ಲಿ ಸುಟ್ಟುಹೋಯಿತು. ಹೊಸದಕ್ಕೆ ಕಲ್ಲು ಹುಡುಕಲು ಊರೂರಿನ ಗಣಿ ಸುತ್ತಿದವರಲ್ಲಿ ಭೂವಿಜ್ಞಾನಿ ಹೆನ್ರಿ ಡಿ ಲಾ ಬೀಶ್ ಒಬ್ಬರು. ಆರಿಸಿ ತಂದ ಕಲ್ಲು ಲಂಡನ್ನಿನ ಕಲ್ಲಿದ್ದಲ ಹೊಗೆಗೆ ಬೇಗನೆ ಉದುರತೊಡಗಿದ್ದು ಬೇರೆ ಮಾತು. 1851ರಲ್ಲಿ ಜರ್ಮಿನ್ ಸ್ಟ್ರೀಟಿನಲ್ಲಿ ತೆರೆದ ಅವರ ಮ್ಯೂಸಿಯಂ ಕೂಡ ಇಂಥ ಉಪಯೋಗದ್ದೇ: ಗಣಿಯವರಿಗೆ ಅದಿರು, ಮನೆ ಕಟ್ಟುವವರಿಗೆ ಕಲ್ಲು.

ಆ ಸಂಗ್ರಹ 1935ರಲ್ಲಿ ಸೌತ್ ಕೆನ್ಸಿಂಗ್ಟನ್ನಿಗೆ ಬಂತು. 1972ರಲ್ಲಿ ಅಲ್ಲಿ ‘ಸ್ಟೋರಿ ಆಫ್ ದಿ ಅರ್ಥ್’ ಪ್ರದರ್ಶನ ತೆರೆಯಿತು. ಸ್ಕಾಟ್ಲೆಂಡಿನ ಬಂಡೆಯೊಂದರ ಅಚ್ಚು ತೆಗೆದು ಮಾಡಿದ ಗೋಡೆ, ಉರಿಯುವ ಜ್ವಾಲಾಮುಖಿಯ ಮಾದರಿ, ಜೊತೆಗೆ ನಿಂತವರನ್ನು ನಡುಗಿಸುವ ಭೂಕಂಪದ ಯಂತ್ರ. ಖಂಡಗಳು ಚಲಿಸುತ್ತವೆಂದು ವಿಜ್ಞಾನಿಗಳು ಒಪ್ಪಿ ಆಗಿನ್ನೂ ಕೆಲವೇ ವರ್ಷ. ಕಲ್ಲಿನ ಹೆಸರು ಓದಿಸುತ್ತಿದ್ದವರು ಈಗ ನೆಲವನ್ನೇ ಅಲುಗಿಸಿದರು. ಮೇಷ್ಟ್ರಾಗಿದ್ದ ನನಗೆ ಇದು ದೊಡ್ಡ ಧೈರ್ಯವೆಂದೇ ತೋರುತ್ತದೆ.

1995ರ ಜನವರಿ 17ರ ನಸುಕಿನಲ್ಲಿ ಜಪಾನಿನ ಕೋಬೆ ನಡುಗಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಮ್ಯೂಸಿಯಮ್ಮಿನಲ್ಲಿ ಕೋಬೆಯ ದಿನಸಿ ಅಂಗಡಿಯೊಂದು ಎದ್ದಿತು. ಕಪಾಟಿನ ಬಾಟಲಿಗಳು ಗಲಗಲ ಎನ್ನುತ್ತವೆ, ಮಕ್ಕಳು ಕಿರುಚುತ್ತಾರೆ, ಕೂಡಲೇ ಇನ್ನೊಮ್ಮೆ ಎಂದು ಸಾಲಿನ ಕೊನೆಗೆ ಓಡುತ್ತಾರೆ. ಮಗಳ ಮನೆಗೆ ಹೋದಾಗ ಮೊಮ್ಮಗನ ಕೈ ಹಿಡಿದು ನಾನೂ ನಿಂತಿದ್ದೆ. ಅವನು ನಕ್ಕ, ನನಗೆ ನಗು ಬರಲಿಲ್ಲ.

1993ರ ಸೆಪ್ಟೆಂಬರ್ 30, ಗಣಪತಿ ಬಿಟ್ಟು ಬಂದು ಜನ ಮಲಗಿದ್ದ ರಾತ್ರಿ. ಬೆಳಗಿನ ನಾಲ್ಕಕ್ಕೆ ಕಲಬುರಗಿಯ ನಮ್ಮ ಮನೆಯಲ್ಲೂ ಪಾತ್ರೆಗಳು ಹೀಗೇ ಸದ್ದು ಮಾಡಿದವು, ಅಷ್ಟೇ. ಗಡಿಯಾಚೆ ಕಿಲ್ಲಾರಿ ಸುತ್ತಮುತ್ತ ಸುಮಾರು ಹತ್ತು ಸಾವಿರ ಜನ ಹೋದರು. ಕಂಪನದ ಪ್ರಮಾಣ 6.2, ಕೋಬೆಯದಕ್ಕಿಂತ ಎಷ್ಟೋ ಕಡಿಮೆ. ಕೊಂದದ್ದು ಮನೆ: ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಬೇಸಿಗೆಗೆ ತಂಪಿರಲೆಂದು ಹೇರಿದ ಮಣ್ಣಿನ ಮಾಳಿಗೆ. ಕೋಬೆಯಲ್ಲೂ ಭಾರದ ಹೆಂಚಿನ ಹಳೆಯ ಮರದ ಮನೆಗಳೇ ಹೆಚ್ಚು ಕುಸಿದವು. ಅಂಗಡಿಯ ಬಾಟಲಿಗಳು ಇದನ್ನು ಹೇಳುವುದಿಲ್ಲ.

ನಮ್ಮ ಕಡೆ ಇಂಥದೊಂದು ಕಟ್ಟುವುದಾದರೆ ಅಂಗಡಿ ಬೇಡ. ಅಲುಗುವ ಹಲಗೆಯ ಮೇಲೆ ಎರಡು ಪುಟ್ಟ ಕಲ್ಲುಗೋಡೆಗಳಿರಲಿ. ಒಂದರಲ್ಲಿ ಒಳಮೈ ಹೊರಮೈ ಎರಡಕ್ಕೂ ತಾಗುವ ಉದ್ದಗಲ್ಲುಗಳು ಅಲ್ಲಲ್ಲಿ ಕೂತಿರಬೇಕು, ಇನ್ನೊಂದರಲ್ಲಿ ಇರಬಾರದು. ಗುಂಡಿ ಒತ್ತುವ ಕೆಲಸ ಮಕ್ಕಳಿಗೇ ಬಿಡೋಣ, ಪಕ್ಕದಲ್ಲಿ ಊರಿನ ಗೌಂಡಿಯೂ ನಿಂತಿರಲಿ.